‘ಬರ್ತೀವಿ’ ಅನ್ನುವವರೆಗೂ

ನಾನು ಹೊನ್ನಾಳಿಯಲ್ಲಿ ಕಂಪ್ಯೂಟರ್ ಮೇಷ್ಟ್ರು. “ಪ್ರೋಗ್ರಾಂನಲ್ಲಿ ಮಾಡಿದ್ದನ್ನೇ ಮತ್ತೆ ಮಾಡಿಸೋ ಲೂಪ್ ಶುರು ಮಾಡೋದು ಸುಲಭ, ಎಲ್ಲಿ ನಿಲ್ಲಬೇಕು ಅಂತ ಮೊದಲೇ ಬರೀರಿ” ಎಂದು ಮಕ್ಕಳಿಗೆ ಬೋಧಿಸುವ ಮಹಾನುಭಾವ! ಹೀಗಿರುವಾಗ ಮಗಳ ಕಿವಿ ಚುಚ್ಚುವ ಶಾಸ್ತ್ರ ಬಂತು. ಮಗು ಸೋದರಮಾವನ ತೊಡೆಯ ಮೇಲೆ ಕೂರಲೇಬೇಕು. ಆ ಮಾವ, ಅಂದರೆ ನನ್ನ ಹೆಂಡತಿ ಶೈಲಾಳ ಅಣ್ಣ, ಇರುವುದು ಜಗಳೂರಿನಲ್ಲಿ. ಅವರು ಬರದಿದ್ದರೆ ಶಾಸ್ತ್ರವೇ ಇಲ್ಲ.

“ಹೋಗಿ ಎಲೆ-ಅಡಿಕೆ ಕೊಟ್ಟು ಕರೆದು ಬರ್ರಿ” ಎಂದಳು ಶೈಲಾ.

“ಯಾವ ಕಾಲದಾಗೆ ಇದೀಯೇ ನೀನು?” ಎಂದೆ.

ಪ್ರೋಗ್ರಾಂ ಬರೆದೆ. ಭಾವನಿಗೆ “ಬರ್ತೀರಾ?” ಎಂದು ಮೆಸೇಜ್ ಹೋಗಬೇಕು. “ಬರ್ತೀವಿ” ಎಂಬ ಉತ್ತರ ಬರುವವರೆಗೂ ಐದೈದು ನಿಮಿಷಕ್ಕೆ ಮತ್ತೆ ಹೋಗುತ್ತಿರಬೇಕು. ನಿಲ್ಲುವ ಜಾಗ ಬರೆದಿದ್ದೇನಲ್ಲ, ಇನ್ನೇನು ಭಯ! ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಮನೆಯಲ್ಲೇ ಬಿಟ್ಟು, ಅಡುಗೆಯವರನ್ನು ಗೊತ್ತು ಮಾಡಲು ನ್ಯಾಮತಿಗೆ ಹೊರಟೆ.

ಆದರೆ ನಮ್ಮ ಕಡೆ ಕರೆದ ಕೂಡಲೇ “ಬರ್ತೀವಿ” ಅಂದವರುಂಟೇ? ಊಟಕ್ಕೆ ಕಾದು ಕೂತಿದ್ದರು ಅಂದುಕೊಂಡಾರು! ಬಂದೇ ಬರುವವರೂ “ನೋಡಾಣ” ಅನ್ನುತ್ತಾರೆ. ಭಾವ ಅದನ್ನೇ ಬರೆದರು. ಪ್ರೋಗ್ರಾಂ ಮತ್ತೆ ಕೇಳಿತು. ಭಾವ ಮತ್ತೆ “ನೋಡಾಣ” ಎಂದರು.

ಸಂಜೆ ಶೈಲಾ ಬಾಗಿಲಲ್ಲೇ ನಿಂತಿದ್ದಳು. “ಅಣ್ಣ ಫೋನ್ ಮಾಡಿದ್ದ. ನಲವತ್ತು ಸಲ ಕೇಳೀರಂತೆ! ‘ಬರಲ್ಲ ಅಂತ ನನ್ನ ಬಾಯಿಂದ ಹೊರಡಿಸಾಕೆ ಹಿಂಗೆ ಮಾಡ್ತಾನೆ’ ಅಂತಾನೆ. ನಿಜ ಹೇಳ್ರಿ, ನಿಮ್ಮ ಮನಸ್ಸಿನಾಗೆ ಏನೈತೆ?”

ನನಗೆ ಮೊದಲು ಫೋನಿನ ಮೇಲೆ ಅನುಮಾನ ಬಂತು, ಆಮೇಲೆ ಕಂಪ್ಯೂಟರಿನ ಮೇಲೆ. ಯಾರೋ ಒಳನುಗ್ಗಿರಬೇಕೆಂದು ಪಕ್ಕದ ಮನೆಯ ಕಿಟಕಿಯನ್ನೂ ಗುರಾಯಿಸಿದೆ. ನನ್ನ ಮೇಲೆ ಮಾತ್ರ ಅನುಮಾನ ಬರಲಿಲ್ಲ! ಕೊನೆಗೆ ಪ್ರೋಗ್ರಾಂ ತೆರೆದು ನೋಡಿದೆ. “ಮೂರು ಸಲ ಕೇಳಿ ಸಾಕು ಮಾಡು” ಎಂದು ಒಂದೇ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ನಾಚಿಕೆಯಿಂದ ಅದನ್ನು ನಿಲ್ಲಿಸಿದೆ.

ಬೆಳಗಾದ ಕೂಡಲೇ ಎಲೆ-ಅಡಿಕೆ ಹಿಡಿದು ಜಗಳೂರಿಗೆ ಓಡಿದೆ. ಭಾವ ಓರೆಗಣ್ಣಿನಲ್ಲಿ ನೋಡಿ, “ಹಿಂಗೆ ಮಾಡಾಕೆ ಯಾರು ಹೇಳಿಕೊಟ್ರು ಮೇಷ್ಟ್ರೇ?” ಎಂದರು.

“ಯಾರೂ ಇಲ್ಲ ಭಾವ, ನನ್ನದೇ ಬುದ್ಧಿ.”

ಅದನ್ನು ಮಾತ್ರ ತಕ್ಷಣ ನಂಬಿದರು! “ದಯವಿಟ್ಟು ಬರಬೇಕು” ಎಂದು ಕೈಮುಗಿದೆ. “ನೋಡಾಣ” ಎಂದರು. ಎರಡನೇ ಸಲ ಕೇಳದೆ ಬಸ್ ಹತ್ತಿದೆ.

ಶಾಸ್ತ್ರದ ದಿನ ಎಲ್ಲರಿಗಿಂತ ಮೊದಲು ಬಂದವರು ಭಾವನೇ. ನನಗೆ ಹೋದ ಜೀವ ಬಂದಂತಾಯಿತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಕಿವಿ ಚುಚ್ಚಲು ಬಂದಿದ್ದ ಅಕ್ಕಸಾಲಿ ಪತ್ತಾರರು ಚಿನ್ನದ ತಂತಿ ತೆಗೆದರು. ಭಾವ ಅವರ ಕೈ ತಡೆದರು.

“ಇರ್ರಿ, ಮೊದ್ಲು ಈ ಮೇಷ್ಟ್ರದ್ದು ಚುಚ್ರಿ. ನಲವತ್ತು ಸಲ ಹೇಳಿದ್ರೂ ಕೇಳ್ಸಿಲ್ಲ ಅಂದ್ರೆ, ಇವರ ಕಿವಿಯಾಗೆ ತೂತೇ ಇಲ್ಲ!”

ಪತ್ತಾರರು ಗಂಭೀರವಾಗಿ ನನ್ನ ಕಿವಿಯನ್ನೇ ನೋಡಿದರು. ನಾನು ಎರಡನ್ನೂ ಮುಚ್ಚಿಕೊಂಡು ಅಡುಗೆಮನೆ ಸೇರಿದೆ.