ಗಮನದ ಡಾಕ್ಟರ ಹೊರಕೋಣೆಯಲ್ಲಿ

ಇಂಥವು ನಮ್ಮ ಕ್ಲಿನಿಕ್ಕಿನಲ್ಲಿ ವಾರಕ್ಕೊಂದಾದರೂ ನಡೆಯುತ್ತವೆ. ನಡೆಯದ ವಾರ ನಾನೇ ರಜೆಯಲ್ಲಿದ್ದೆ ಅಂತ ಅರ್ಥ. ಜಾಲಹಳ್ಳಿಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿ. ಒಳಗಿನ ಕೋಣೆಯಲ್ಲಿ ನಮ್ಮ ಡಾಕ್ಟರ್ ಮೇಡಂ ಕೂರುತ್ತಾರೆ. ಒಂದು ಕಡೆ ಕೂರಲಾಗದ, ಹೇಳಿದ್ದು ತಲೆಯಲ್ಲಿ ನಿಲ್ಲದ, ಪುಸ್ತಕ ತೆರೆದ ಕೂಡಲೇ ಮನಸ್ಸು ಎಲ್ಲಿಗೋ ಹೊರಟುಬಿಡುವ ಮಕ್ಕಳನ್ನು ಅವರು ನೋಡುತ್ತಾರೆ. ಹೊರಗಿನ ಮೇಜಿನಲ್ಲಿ ಚೀಟಿ ಕೊಡುತ್ತಾ ನಾನು ಕೂರುತ್ತೇನೆ. ಆ ಮಕ್ಕಳನ್ನು ಕರೆತಂದ ದೊಡ್ಡವರನ್ನು ನೋಡುವುದು ನನ್ನ ಕೆಲಸ. ಮಕ್ಕಳ ತೊಂದರೆಗೆ ಎಡಿಎಚ್‌ಡಿ ಅಂತ ಹೆಸರಿದೆ, ಅದಕ್ಕೆ ದಾರಿಯೂ ಇದೆ. ದೊಡ್ಡವರದ್ದಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ.

ಟಿವಿಯಲ್ಲಿ ಆರು ಜನ

ಮೊದಲು ನಮ್ಮ ಹೊರಕೋಣೆಯಲ್ಲಿ ಒಂದು ಟಿವಿ ಇತ್ತು. ಆನೆ, ಜಿರಾಫೆ ಇರುವ ಚಾನೆಲ್ ಹಾಕಿ ಅಂತ ಮೇಡಂ ಹೇಳುತ್ತಿದ್ದರು. ಬಂದವರು ನನ್ನ ಕೈಯಿಂದ ರಿಮೋಟ್ ಇಸಿದುಕೊಂಡು ನ್ಯೂಸ್ ಹಾಕುತ್ತಿದ್ದರು. ಟಿವಿ ಪಕ್ಕದ ಗೋಡೆಗೆ ಮೇಡಂ ಒಂದು ಪಟ್ಟಿ ಅಂಟಿಸಿದ್ದರು: ಮಗುವಿನಲ್ಲಿ ಈ ಲಕ್ಷಣ ಇದ್ದರೆ ತೋರಿಸಿ ಅಂತ. ತನ್ನ ಸರದಿ ಬರುವ ತನಕ ಕಾಯುವುದಿಲ್ಲ. ಬೇರೆಯವರು ಮಾತಾಡುವಾಗ ನಡುವೆ ಬಾಯಿ ಹಾಕುತ್ತದೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತದೆ. ಹೀಗೆ ಹತ್ತು ಹನ್ನೆರಡು ಸಾಲು.

ಒಂದು ಸಂಜೆ ದಾವಣಗೆರೆ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳ ಜೊತೆ ಬಂದು ಕೂತರು. ಹಣೆ ತುಂಬ ವಿಭೂತಿ, ಕೈಯಲ್ಲಿ ಬೇಕರಿಯ ಬಿಸಿ ಬನ್ನು. ಟಿವಿಯಲ್ಲಿ ಶಾಲೆ ಮಕ್ಕಳ ಕೈಗೆ ಮೊಬೈಲ್ ಕೊಡಬೇಕೋ ಬೇಡವೋ ಅನ್ನುವ ಚರ್ಚೆ. ಪರದೆಯಲ್ಲಿ ಆರು ಚೌಕ, ಚೌಕಕ್ಕೊಬ್ಬರು, ಆರೂ ಜನ ಒಟ್ಟಿಗೆ ಕೂಗುತ್ತಿದ್ದರು. ಅಜ್ಜಿ ಕನ್ನಡಕ ಏರಿಸಿ ಗೋಡೆಯ ಪಟ್ಟಿಯಲ್ಲಿ ಒಂದು ಸಾಲು ಓದುವುದು, ಟಿವಿ ನೋಡುವುದು, ಇನ್ನೊಂದು ಸಾಲು ಓದುವುದು, ಮತ್ತೆ ಟಿವಿ ನೋಡುವುದು, ಹೀಗೆ ಇಡೀ ಪಟ್ಟಿ ಮುಗಿಸಿದರು. ಆಮೇಲೆ ಎದ್ದು ನನ್ನ ಮೇಜಿನ ಹತ್ತಿರ ಬಂದು, ಯಾರಿಗೂ ಕೇಳಿಸಬಾರದು ಅನ್ನುವ ಹಾಗೆ ದನಿ ತಗ್ಗಿಸಿ ಕೇಳಿದರು:

"ಯವ್ವಾ, ಈ ಆರು ಮಂದೀನೂ ಇಲ್ಲೇ ತೋರಸ್ತಾರೇನು, ಇಲ್ಲಾ ಬ್ಯಾರೆ ಡಾಕ್ಟರ್ ಹತ್ರ ಹೋಗ್ತಾರೋ?"

ಅಕ್ರೋಟು

ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ತಾತ ಒಬ್ಬರು ನಾಲ್ಕನೇ ಕ್ಲಾಸಿನ ಮೊಮ್ಮಗನನ್ನು ಕರೆತರುತ್ತಿದ್ದರು. ಬೆಳಗ್ಗೆ ಪೇಪರ್ ಬಂದ ಕೂಡಲೇ ಕತ್ತರಿ ಹಿಡಿದು ಕೂರುವ ಮನುಷ್ಯ. ಪೇಪರಿನಲ್ಲಿ ಸಕ್ಕರೆ ಬಗ್ಗೆ ಬಂದರೆ ಮನೆಯಲ್ಲಿ ಸಕ್ಕರೆ ಬಂದ್. ಬಣ್ಣದ ತಿಂಡಿ ಬಗ್ಗೆ ಬಂದರೆ ಅದೂ ಬಂದ್. ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದರೆ ಒಳ್ಳೆಯದು ಅಂತ ಬಂದ ವಾರ ಹುಡುಗನನ್ನು ಬೆಳಗ್ಗೆ ಐದೂವರೆಗೆ ಎಬ್ಬಿಸಿ ಪಾರ್ಕಿಗೆ ಕರೆದೊಯ್ದರು. ಆ ವಾರವೆಲ್ಲ ಅವನು ಕ್ಲಾಸಿನಲ್ಲಿ ಅಲುಗಾಡದೆ ಕೂತ. ನಿದ್ದೆ ಮಾಡುತ್ತಿದ್ದ. ಮೇಡಂ ಪ್ರತಿ ಸಲವೂ ತಾಳ್ಮೆಯಿಂದ ಹೇಳುತ್ತಿದ್ದರು: ಸಾರ್, ಪೇಪರಿನದು ಪೇಪರಿಗೇ ಇರಲಿ, ನಾನು ಹೇಳಿದಷ್ಟು ಮಾಡಿ. ತಾತ ತಲೆಯಾಡಿಸಿ ಹೋಗಿ ಮರುದಿನ ಮತ್ತೆ ಕತ್ತರಿ ಹಿಡಿಯುತ್ತಿದ್ದರು.

ಹೀಗಿರುವಾಗ ಅಕ್ರೋಟು ತಿಂದರೆ ಮಿದುಳು ಚುರುಕಾಗುತ್ತದೆ ಅಂತ ಎಲ್ಲೋ ಬಂತು. ಒಡೆದಿಟ್ಟರೆ ಸತ್ವ ಹೋಗುತ್ತೆ ಅನ್ನುವುದು ತಾತನ ಸ್ವಂತ ಸಂಶೋಧನೆ. ಹಾಗಾಗಿ ಚಿಪ್ಪಿನ ಸಮೇತ ಆರು ಅಕ್ರೋಟು ದಿನಾ ಡಬ್ಬಿಗೆ ಹಾಕಿ ಕಳಿಸಿದರು. ಹುಡುಗ ಒಡೆಯುವುದಾದರೂ ಎಲ್ಲಿ? ಕ್ಲಾಸಿನ ಬಾಗಿಲ ಸಂದಿಯಲ್ಲಿ ಇಟ್ಟು ಬಾಗಿಲು ಎಳೆದರೆ ಚೆನ್ನಾಗಿ ಒಡೆಯುತ್ತೆ ಅಂತ ಎರಡೇ ದಿನದಲ್ಲಿ ಕಂಡುಹಿಡಿದ. ಮೂರನೇ ದಿನಕ್ಕೆ ಬಾಗಿಲ ಹತ್ತಿರ ಕ್ಯೂ ಶುರುವಾಯಿತು.

ಮುಂದಿನ ಸಲ ತಾತ ಬಂದಾಗ ಟೀಚರ್ ಡೈರಿಯಲ್ಲಿ ಬರೆದುಕೊಟ್ಟಿದ್ದನ್ನು ಮೇಡಂ ಮುಂದೆ ಇಟ್ಟರು: "ಇವನ ಗಮನ ಈಗ ಚೆನ್ನಾಗಿದೆ, ಒಂದೇ ಕೆಲಸದಲ್ಲಿ ಅರ್ಧ ಗಂಟೆ ನಿಲ್ಲುತ್ತಾನೆ. ಉಳಿದ ನಲವತ್ತು ಮಕ್ಕಳ ಗಮನ ಹೋಗಿದೆ. ದಯವಿಟ್ಟು ಸದ್ದು ಮಾಡದ ಔಷಧಿ ಬರೆದುಕೊಡಿ."

ಮ್ಯೂಟ್

ವೈಟ್‌ಫೀಲ್ಡ್ ಕಡೆ ಕೆಲಸ ಮಾಡುವ ಒಬ್ಬರು ಹೆಂಡತಿ, ಏಳು ವರ್ಷದ ಮಗನ ಜೊತೆ ಬಂದರು. ಅವರ ಎರಡೂ ಕಿವಿಯಲ್ಲಿ ಬಿಳಿ ಗುಂಡಿ. ಆಫೀಸ್ ಮೀಟಿಂಗ್ ನಡೀತಿದೆ, ನಾನು ಸುಮ್ಮನೆ ಕೇಳಿಸ್ಕೊಳ್ತಿದೀನಿ, ಮ್ಯೂಟಲ್ಲಿದೆ, ಏನೂ ತೊಂದ್ರೆ ಇಲ್ಲ ಅಂತ ನನಗೆ ಧೈರ್ಯ ಹೇಳಿ ಒಳಗೆ ಹೋದರು. ಫಾರಂ ತುಂಬಿಸಲು ನಾನೂ ಹೋದೆ.

ಮೇಡಂ ಒಂದೊಂದೇ ಪ್ರಶ್ನೆ ಕೇಳಿದರು. ಹೆಸರು ಹಿಡಿದು ಕರೆದರೆ ಒಂದೇ ಸಲಕ್ಕೆ ತಿರುಗಿ ನೋಡೋದುಂಟಾ? ಇಲ್ಲ, ನಾಲ್ಕು ಸಲ ಕರೀಬೇಕು ಅಂದರು ಹೆಂಡತಿ. ವಸ್ತು ಎಲ್ಲೆಲ್ಲೋ ಇಟ್ಟು ಮರೆಯೋದುಂಟಾ? ದಿನಾ, ಸ್ಕೂಟರ್ ಕೀ ಹುಡುಕೋದೇ ಬೆಳಗ್ಗೆ ಅರ್ಧ ಗಂಟೆ ಕೆಲಸ. ಮೇಡಂ ಪೆನ್ನು ಕೆಳಗಿಟ್ಟು, ಏಳು ವರ್ಷದ ಹುಡುಗನಿಗೆ ಸ್ಕೂಟರ್ ಯಾಕೆ ಕೊಡ್ತೀರಿ ಅಂತ ಕೇಳಿದರು.

"ಅಯ್ಯೋ, ಮಗನ ಬಗ್ಗೆ ಕೇಳಿದ್ದಾ ನೀವು?" ಅಂದರು ಆಕೆ. "ನಾನು ಇವರ ಬಗ್ಗೆ ಅಂದ್ಕೊಂಡೆ."

ಅಷ್ಟರಲ್ಲಿ ಯಜಮಾನರ ಮುಖ ಬಾಡಿದ ಬಾಳೆ ಎಲೆಯ ಹಾಗಾಯಿತು. ಫೋನು ಮ್ಯೂಟ್‌ನಲ್ಲಿರಲಿಲ್ಲ. ಸ್ಕೂಟರ್ ಕೀ ಸಮೇತ ಎಲ್ಲವೂ ಮೀಟಿಂಗಿನ ಹದಿನೆಂಟು ಜನರಿಗೆ ಕೇಳಿಸಿತ್ತು. ಕಿವಿಯಲ್ಲಿ ಏನೋ ಕೇಳಿಸಿಕೊಂಡ ಅವರು, ನಮ್ಮ ಮ್ಯಾನೇಜರ್ ಮಾತಾಡಬೇಕಂತೆ ಅಂತ ತಡವರಿಸುತ್ತಾ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಈಗ ಕೆಲಸ ಹೋಯಿತು ಅನ್ನುವ ಹಾಗೆ ಹೆಂಡತಿ ಕಣ್ಣುಮುಚ್ಚಿಕೊಂಡರು. ಫೋನಿನಿಂದ ಗಂಭೀರವಾದ ದನಿ ಬಂತು:

"ಡಾಕ್ಟ್ರೇ, ಆ ಮೊದಲನೇ ಪ್ರಶ್ನೆ ಇನ್ನೊಂದ್ಸಲ ಹೇಳ್ತೀರಾ? ನಮ್ಮವರು ಬರ್ಕೊಳ್ತಿದಾರೆ."

ಅರವತ್ತೊಂದು

ನನ್ನದೊಂದು ಅಭಿಪ್ರಾಯ ಇದೆ. ಗದ್ದಲ ಮಾಡುವ ಮಗುವನ್ನು ಎಲ್ಲರೂ ಡಾಕ್ಟರ ಹತ್ತಿರ ಎಳೆತರುತ್ತಾರೆ. ಸುಮ್ಮನೆ ಕಿಟಕಿ ನೋಡುತ್ತಾ ಕೂರುವ ಹುಡುಗಿಯನ್ನು ಶಾಂತ ಸ್ವಭಾವ ಅಂತ ಹೊಗಳಿ ಬಿಟ್ಟುಬಿಡುತ್ತಾರೆ. ಅವಳ ಕಷ್ಟ ಅವಳಿಗೇ.

ಅಂಥ ಒಬ್ಬಳನ್ನು ಅವಳ ಅಪ್ಪ ಕರೆತಂದರು. ಬಾಗಲಕೋಟೆ ಕಡೆಯವರು, ಮಾದನಾಯಕನಹಳ್ಳಿಯ ಗೋದಾಮಿನಲ್ಲಿ ಲಾರಿಗೆ ಸಾಮಾನು ತುಂಬುವ ಕೆಲಸ. ಮಗಳು ಪಾಠ ಕೇಳುವುದೇ ಇಲ್ಲ, ಹೀಗೇ ಆದರೆ ಬೇರೆ ಶಾಲೆ ನೋಡಿಕೊಳ್ಳಿ ಅಂತ ಶಾಲೆಯವರು ಹೇಳಿದ್ದರಂತೆ. ಅವರು ಹೆಗಲ ಮೇಲಿನ ಟವೆಲ್ಲನ್ನು ಹಿಂಡುತ್ತಾ, ತಾನು ಶಾಲೆ ಕಲಿಯಲಿಲ್ಲ, ಅದಕ್ಕೇ ಮಗಳಿಗೆ ಹೀಗಾಯಿತೇನೋ ಅಂತ ಮೇಡಂ ಹತ್ತಿರ ಕೇಳಿದರು. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಮೇಡಂ ಎರಡು ಸಲ ಹೇಳಿದ ಮೇಲೆ ಟವೆಲ್ಲು ಸಡಿಲವಾಯಿತು.

ಆಮೇಲೆ ಮೇಡಂ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು, ಟೀಚರ್ ಪಾಠ ಮಾಡುವಾಗ ನೀನು ಏನು ಯೋಚನೆ ಮಾಡ್ತೀಯಾ ಅಂತ ಕೇಳಿದರು. ಹುಡುಗಿ ನೆಲ ನೋಡುತ್ತಾ ಹೇಳಿದಳು:

"ಎಣಿಸ್ತೀನ್ರೀ. ನಮ್ಮ ಟೀಚರ್ ದಿನಕ್ಕ ಎಷ್ಟು ಸಲ 'ಗೊತ್ತಾಯ್ತಾ' ಅಂತಾರ ಅಂತ. ನಿನ್ನೆ ಅರವತ್ತೊಂದು."

ಮೇಡಂ ಪರೀಕ್ಷೆಯನ್ನೆಲ್ಲ ಮುಗಿಸಿ ಶಾಲೆಗೆ ಕಾಗದ ಬರೆದರು. ಇದು ಸೋಮಾರಿತನ ಅಲ್ಲ, ಮುಂದಿನ ಬೆಂಚಿನಲ್ಲಿ ಕೂರಿಸಿ, ಒಂದು ಸಲಕ್ಕೆ ಒಂದೇ ವಿಷಯ ಹೇಳಿ ಅಂತ. ಟೀಚರ್ ಒಳ್ಳೆಯವರು, ಮೇಡಂಗೆ ಫೋನ್ ಮಾಡಿ ಎಲ್ಲ ಕೇಳಿ ತಿಳಿದುಕೊಂಡರು. ಹುಡುಗಿ ಎಣಿಸುವ ವಿಷಯವನ್ನೂ ಮೇಡಂ ಮೆಲ್ಲಗೆ ಹೇಳಿದರು. ಮೂರು ತಿಂಗಳ ಮೇಲೆ ಅಪ್ಪ ನಗುನಗುತ್ತಾ ಬಂದರು. ಶಾಲೆ ಬಿಡಿಸುವ ಮಾತು ನಿಂತಿತ್ತು. ಮಗಳು ಹೇಗಿದ್ದಾಳೆ ಅಂತ ಕೇಳಿದೆ.

"ಚಲೋ ಅದಾಳ್ರೀ ಅಕ್ಕಾರ. ಆದ್ರ ಆಕಿಗಿಂತ ಟೀಚರ್ ಭಾಳ ಸುಧಾರಿಸ್ಯಾರ. ಹದಿನಾಲ್ಕಕ್ಕ ಇಳದಾರ."

ತಜ್ಞೆ

ಇದು ನನ್ನದೇ ಮನೆಯದು. ನನ್ನ ಮಗನಿಗೆ ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ಮೇಡಂ ಅವನನ್ನು ನೋಡಿ, ಇವನಿಗೂ ಅದೇ ಇದೆ ಅಂದರು. ಎಲ್ಲರಿಗೂ ಚೀಟಿ ಕೊಡುವ ನಾನು ಅವತ್ತು ನನ್ನ ಹೆಸರಿಗೇ ಒಂದು ಚೀಟಿ ಬರೆದುಕೊಂಡೆ.

ನಮ್ಮ ಅತ್ತೆ ಮಾತ್ರ ಒಪ್ಪಲಿಲ್ಲ. ಅದೆಲ್ಲ ಈಗಿನ ಕಾಲದವರು ಹುಟ್ಟಿಸಿದ ಕಾಯಿಲೆ, ಇವನಪ್ಪನೂ ಹೀಗೇ ಇದ್ದ, ಎರಡು ಬಿಟ್ಟರೆ ಸರಿಹೋಗ್ತಿದ್ದ ಅನ್ನೋರು. ಹುಡುಗ ಬರೆಯಲು ಕೂತರೆ ಸಾಕು, ಅಡುಗೆಮನೆಯಿಂದ ಆರು ಸಲ ಕೂಗೋರು: ನೆಟ್ಟಗೆ ಕೂತ್ಕೋ, ಹಾಲು ಕುಡಿ, ಚಪ್ಪಲಿ ಯಾಕೆ ಅಲ್ಲಿ ಬಿಟ್ಟೆ. ಹಾಗೆ ಕೂಗಬೇಡಿ ಅತ್ತೆ ಅಂದರೆ, "ನೀನು ಚೀಟಿ ಕೊಡೋಳು ಕಣೇ, ಡಾಕ್ಟರಲ್ಲ" ಅನ್ನೋರು. ಒಂದು ದಿನ ಮಗ ಅರ್ಧ ಬರೆದ ಲೆಕ್ಕದ ಮೇಲೆ ತಲೆಯಿಟ್ಟು, "ಅಮ್ಮ, ನಾನು ಬೇಕೂಂತ ಹಿಂಗೆ ಮಾಡ್ತೀನಾ?" ಅಂತ ಕೇಳಿದ.

ಅದಾದ ವಾರಕ್ಕೆ ಸರಿಯಾಗಿ ಒಂದು ಟಿವಿ ಚಾನೆಲ್ಲಿನ ಹುಡುಗ ಕ್ಯಾಮೆರಾದವನ ಜೊತೆ ಕ್ಲಿನಿಕ್ಕಿಗೆ ಬಂದ. ಮಕ್ಕಳ ಗಮನದ ಬಗ್ಗೆ ಡಾಕ್ಟರು ಎರಡು ಮಾತು ಹೇಳಬೇಕಂತೆ. ಮೇಡಂ ಒಳಗೆ ಅಳುತ್ತಿದ್ದ ಮಗುವನ್ನು ಸಮಾಧಾನ ಮಾಡುತ್ತಿದ್ದರು, ನಾಳೆ ಬರಲಿ ಅಂದರು. ನಾಳೆಗೆ ಇದು ಹಳೇ ನ್ಯೂಸ್ ಆಗುತ್ತೆ ಅಂದ ಅವನು. ಸರಿ, ನಾನು ದಿನಾ ಹೇಳೋದು ನಿಮಗೆ ಬಾಯಿಪಾಠ ಆಗಿದೆ, ನೀವೇ ಹೇಳ್ಬಿಡಿ ಅಂತ ಮೇಡಂ ನನಗೇ ಒಪ್ಪಿಸಿದರು. ನಾನು ಡಾಕ್ಟರಲ್ಲ, ಇಲ್ಲಿ ಚೀಟಿ ಕೊಡೋಳು ಅಂತ ಆ ಹುಡುಗನಿಗೆ ಎರಡು ಸಲ ಹೇಳಿದೆ. ಎರಡೂ ಸಲ ಅವನು ಫೋನಿನಲ್ಲಿ ಇನ್ಯಾರಿಗೋ ಮೆಸೇಜ್ ಮಾಡುತ್ತಾ ಹೂಂ ಹೂಂ ಅಂದ.

ಮೈಕು ಮುಂದೆ ಬಂದಾಗ ಭಯಕ್ಕೆ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಆದರೂ ಹೇಳಿದೆ: ಇದು ಮಗುವಿನ ಹಟ ಅಲ್ಲ, ತಾಯಿಯ ತಪ್ಪೂ ಅಲ್ಲ. ಹೊಡೆದರೆ ಭಯ ಬರುತ್ತೆ, ಗಮನ ಬರಲ್ಲ. ಬರೆಯುವಾಗ ಹಿಂದಿನಿಂದ ಕೂಗಬೇಡಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮುಗಿಸಿದರೆ ಬೆನ್ನು ತಟ್ಟಿ.

ಸಂಜೆ ಆರು ಗಂಟೆಗೆ ಅದು ಬಂತು. ನನ್ನ ಮುಖ ಕಂಡಿದ್ದು ಒಂದೆರಡು ಕ್ಷಣ. ಉಳಿದಂತೆ ಯಾವುದೋ ಮಕ್ಕಳು ಮೊಬೈಲ್ ನೋಡುತ್ತಿರುವ ಚಿತ್ರ, ಹಿಂದೆ ನನ್ನ ಮಾತು. ಕೆಳಗೆ ಬೇರೆ ಯಾರದೋ ಹೆಸರು, ಪಕ್ಕದಲ್ಲಿ 'ಖ್ಯಾತ ಮಕ್ಕಳ ತಜ್ಞೆ'. ಕ್ಲಿನಿಕ್ಕಿನಲ್ಲಿ ನಾನು ಫೋನಿನಲ್ಲಿ ಇದನ್ನು ನೋಡಿ ಓಡಿಹೋಗಿ ಮೇಡಂಗೆ ತೋರಿಸಿದೆ. ಮೇಡಂ ನಕ್ಕು, ತಪ್ಪನ್ನು ತಿದ್ದಿಕೊಳ್ಳಿ ಅಂತ ಚಾನೆಲ್ಲಿಗೆ ತಾವೇ ಫೋನ್ ಮಾಡಿದರು. ಅಲ್ಲಿ ಯಾರೂ ಎತ್ತಲಿಲ್ಲ.

ಮನೆಗೆ ಬಂದರೆ ಸದ್ದೇ ಇಲ್ಲ. ಮಗ ಮೇಜಿನ ಮುಂದೆ ಕೂತು ಬರೆಯುತ್ತಿದ್ದ. ಅತ್ತೆ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ತಡೆದು, ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. ಕುಕ್ಕರ್ ಕೂಗಿದರೆ ಮಗುವಿನ ಗಮನ ಹೋಗುತ್ತೆ ಅಂತ ಅವತ್ತು ಅನ್ನಕ್ಕೆ ಪಾತ್ರೆಯಲ್ಲೇ ಎಸರಿಟ್ಟಿದ್ದರು. ಮೂಲೆಯಲ್ಲಿ ನನ್ನ ಯಜಮಾನರು ನಗು ಹೊರಬರದ ಹಾಗೆ ಬಾಯಿಗೆ ಟವೆಲ್ ಒತ್ತಿಕೊಂಡು ನಿಂತಿದ್ದರು, ಕಣ್ಣಲ್ಲಿ ನೀರು.

ಅತ್ತೆಯ ಕನ್ನಡಕ ನಾಲ್ಕು ದಿನದಿಂದ ರಿಪೇರಿಯಲ್ಲಿತ್ತು. ಟಿವಿಯಲ್ಲಿ ಯಾರೋ ಡಾಕ್ಟರಮ್ಮ ಬಂದಿದ್ದಳು, ಎಂಥ ಮಾತು ಹೇಳಿದಳು ಗೊತ್ತಾ ಅಂತ ಪಿಸುಗುಟ್ಟಿ, ನಾನು ಹೇಳಿದ್ದನ್ನೆಲ್ಲ ಒಂದೂ ಬಿಡದೆ, ಹೇಳಿದ ಕ್ರಮದಲ್ಲೇ ನನಗೆ ಒಪ್ಪಿಸಿದರು. ಕೊನೆಗೆ ಮೊಮ್ಮಗನ ಕಡೆ ಒಂದು ಸಲ ನೋಡಿ, ಪಾಪ, ನಾನು ಸುಮ್ಸುಮ್ನೆ ಬೈದೆ ಅಂತ ಸೆರಗಿನಿಂದ ಕಣ್ಣೊರೆಸಿಕೊಂಡರು. ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದೆ.

ಅಷ್ಟರಲ್ಲಿ ಅವರೇ ಅಂದರು:

"ನೀನೂ ಇಷ್ಟು ವರ್ಷದಿಂದ ಡಾಕ್ಟರ ಹತ್ರಾನೇ ಇದೀಯ. ಹಿಂಗೆ ಮನಸ್ಸಿಗೆ ನಾಟೋ ಹಾಗೆ ಹೇಳೋದು ನಿಂಗ್ಯಾಕೆ ಬರಲಿಲ್ಲ ಕಣೇ? ಆಯಮ್ಮನ್ನ ನೋಡಿ ಸ್ವಲ್ಪ ಕಲ್ತ್ಕೋ."

ಆಗಲಿ ಅತ್ತೆ, ಕಲ್ತ್ಕೋತೀನಿ ಅಂದೆ.