ಕೊಠಡಿ ಹುಡುಕುವ ಉಪಸಮಿತಿಯು ಕೊಠಡಿ ಕಳೆದುಕೊಂಡಿರುವ ಕುರಿತು

ವಕೀಲರ ಸಂಘ
ಕಾರ್ಯದರ್ಶಿಯವರ ಕಚೇರಿ (ಜೆರಾಕ್ಸ್ ಅಂಗಡಿಯ ಪಕ್ಕ)

ಸುತ್ತೋಲೆ ಸಂಖ್ಯೆ: ವಸಂ/ಕೊಹುಉ/೧೪ (ತಿದ್ದುಪಡಿಯ ತಿದ್ದುಪಡಿ)

ವಿಷಯ: ಮಹಿಳಾ ವಕೀಲರ ಕೊಠಡಿ ಹಾಗೂ ಅದರೊಳಗೆ ಹಾಲಿ ಇರುವವರ ಬಗ್ಗೆ.

ಉಲ್ಲೇಖ:
(೧) ಮಹಿಳಾ ಸದಸ್ಯರ ಮನವಿ, ಎರಡು ವರ್ಷದ ಹಿಂದಿನದು.
(೨) ಅದೇ ಮನವಿ, ಕಳೆದ ವರ್ಷದ್ದು.
(೩) ಕಾರ್ಯದರ್ಶಿಯವರ ಮನೆಯವರು ಮೌಖಿಕವಾಗಿ ತಿಳಿಸಿದ್ದು, ಬಹಳ ಸಲ.

ಪ್ರಸ್ತಾವನೆ:

ಉಲ್ಲೇಖ (೧)ರ ಮೇರೆಗೆ ಮಹಿಳಾ ವಕೀಲರಿಗೊಂದು ಕೊಠಡಿ ಹುಡುಕಲು ಏಳು ಜನರ ಉಪಸಮಿತಿಯನ್ನು ರಚಿಸಲಾಗಿತ್ತು. ಉಪಸಮಿತಿಯು ಮೊದಲ ವಾರದಲ್ಲೇ ಹಿಂಬದಿಯ ಪಡಸಾಲೆಯ ಕೊನೆಯಲ್ಲಿ, ಕಿಟಕಿಯೂ ಚಿಲಕವೂ ಇರುವ ಖಾಲಿ ಕೊಠಡಿಯೊಂದನ್ನು ಪತ್ತೆಹಚ್ಚಿತು. ವರದಿ ಬರೆಯಲು ಎಲ್ಲಾದರೂ ಕೂರಬೇಕಲ್ಲ, ಅಲ್ಲೇ ಕುಳಿತಿತು. ಅಂದಿನಿಂದ ಸದರಿ ಕೊಠಡಿ ಖಾಲಿ ಇಲ್ಲವೆಂದು ಉಪಸಮಿತಿಯೇ ಪ್ರತಿ ತಿಂಗಳೂ ವರದಿ ಸಲ್ಲಿಸುತ್ತ ಬಂದಿದೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂಬುದು ಉಪಸಮಿತಿಯ ಸಂಚಾಲಕರ ನಿಲುವು. ಕೂಸು ಹುಟ್ಟಿ ಐದು ತಿಂಗಳಾಯಿತು. ಅದು ಕಾರ್ಯದರ್ಶಿಯವರ ಮೊಮ್ಮಗಳು. ತಾಯಿ, ಅಂದರೆ ಕಾರ್ಯದರ್ಶಿಯವರ ಸೊಸೆ, ಈ ಸಂಘದ ಸದಸ್ಯೆ. ದಿನವೂ ಹನ್ನೊಂದೂವರೆಗೆ ಅಜ್ಜಿ ಮಗುವನ್ನು ಎತ್ತಿಕೊಂಡು ಬರುತ್ತಾರೆ. ಹಳೆಯ ಕಡತಗಳ ಬೀರುವಿನ ಹಿಂದೆ, ನಿಂತುಕೊಂಡೇ, ಗೋಡೆಗೆ ಮುಖ ಮಾಡಿ ಹಾಲು ಕುಡಿಸಲಾಗುತ್ತಿತ್ತು. ಅಲ್ಲಿನ ಧೂಳಿಗೆ ಮಗುವಿಗೆ ಕೆಮ್ಮು ಹತ್ತಿತು. ಹೀಗೇ ಆದರೆ ವಕೀಲಿಯನ್ನೇ ಬಿಡುವುದಾಗಿ ಸೊಸೆಯವರು ಊಟಕ್ಕೆ ಕೂತಾಗ ತಿಳಿಸಿದರು. "ಒಂದು ಬಾಗಿಲು, ಒಂದು ಚಿಲಕ. ಇದಕ್ಕೆ ಏಳು ಜನ ಗಂಡಸ್ರು ಬೇಕೇನ್ರೀ?" ಎಂಬ ಉಲ್ಲೇಖ (೩)ರ ಪ್ರಶ್ನೆಗೆ ಕಾರ್ಯದರ್ಶಿಯವರು ಕಾಲಾವಕಾಶ ಕೋರಿದರು. ಮನೆಯಲ್ಲಿ ಕಾಲಾವಕಾಶ ಕೊಡುವ ಪದ್ಧತಿ ಇಲ್ಲ.

ಕಳೆದ ಸೋಮವಾರ ಮಹಿಳಾ ಸದಸ್ಯರು ಕೊಠಡಿಗೆ ನುಗ್ಗಲಿದ್ದಾರೆಂಬ ಗಾಳಿಮಾತು ಹಬ್ಬಿತು. ಉಪಸಮಿತಿಯು ತುರ್ತು ಸಭೆ ಸೇರಿತು. ಕರೆಂಟು ಹೋಗಿ ಒಳಗೆ ಸೆಕೆಯಾದ್ದರಿಂದ ಏಳೂ ಜನ ಕುರ್ಚಿಗಳನ್ನು ಪಡಸಾಲೆಗೆ ಎಳೆದುಕೊಂಡು ಕುಳಿತರು. "ಈ ಕ್ಷಣದಲ್ಲಿ ಕೊಠಡಿಯು ಯಾರ ಸ್ವಾಧೀನದಲ್ಲಿದೆಯೋ, ಮುಂದಿನ ಆದೇಶದವರೆಗೆ ಅವರಲ್ಲೇ ಇರತಕ್ಕದ್ದು; ಯಾರೂ ಅಡ್ಡಿಪಡಿಸಕೂಡದು" ಎಂದು ಸರ್ವಾನುಮತದ ಗೊತ್ತುವಳಿಯಾಯಿತು. ಏಳು ಸಹಿಗಳ ಕೆಳಗೆ ಸಮಯ ೧೧.೪೦ ಎಂದು ನಮೂದಾಯಿತು. ಸಮಯ ನಮೂದಿಸದೆ ಸಹಿ ಮಾಡಿದರೆ ವಕೀಲರಿಗೆ ಅನ್ನ ಅರಗುವುದಿಲ್ಲ.

ಸೊಸೆಯವರು ೧೧.೩೫ಕ್ಕೇ ಅಳುವ ಮಗುವಿನೊಂದಿಗೆ ಖಾಲಿ ಕೊಠಡಿಗೆ ಹೋಗಿ ಚಿಲಕ ಹಾಕಿಕೊಂಡಿದ್ದರು. ಸಂಚಾಲಕರೇ ಕುರ್ಚಿ ಸರಿಸಿ ದಾರಿ ಬಿಟ್ಟಿದ್ದು, "ಇರತಕ್ಕದ್ದು" ಸಾಕೋ "ಇರತಕ್ಕದ್ದೇ" ಬೇಕೋ ಎಂಬ ಚರ್ಚೆಯಲ್ಲಿ ತಲೆ ಎತ್ತಲಿಲ್ಲವೆಂದು ತಿಳಿದುಬಂದಿದೆ. ತಾವೇ ತೋಡಿದ ಹಳ್ಳಕ್ಕೆ ತಾವೇ ಬಿದ್ದರೆಂದು ಸುತ್ತೋಲೆಯಲ್ಲಿ ಬರೆಯಲು ಅವಕಾಶವಿಲ್ಲ. ಆದ್ದರಿಂದ ಬರೆದಿರುವುದಿಲ್ಲ.

ಮೇಲ್ಕಂಡ ಹಿನ್ನೆಲೆಯಲ್ಲಿ ಸಮಸ್ತ ಸದಸ್ಯರಿಗೆ ಈ ಮೂಲಕ ಸೂಚಿಸುವುದೇನೆಂದರೆ:

೧. ಕೊಠಡಿಯು ತಾಯಿ-ಮಗುವಿನ ಸ್ವಾಧೀನದಲ್ಲಿದೆಯೆಂದು ಭಾವಿಸತಕ್ಕದ್ದು. ಮಂಗಳವಾರದಿಂದ ಒಳಗಿರುವ ಇತರ ಹನ್ನೊಂದು ಮಹಿಳಾ ಸದಸ್ಯರನ್ನು ಮಗುವಿನ ಪರ ವಕೀಲರೆಂದು ಭಾವಿಸತಕ್ಕದ್ದು.

೨. ಒಳಗೆ ಉಳಿದಿರುವ ಉಪಸಮಿತಿಯ ಸ್ವತ್ತನ್ನು, ಅಂದರೆ ಏಳು ಲೋಟ, ಒಂದು ಕಟ್ಟು ಇಸ್ಪೀಟು (ಐವತ್ತೊಂದು ಎಲೆ) ಹಾಗೂ ವರದಿ ಬರೆಯುವಾಗ ತಲೆಗಿಟ್ಟುಕೊಳ್ಳುತ್ತಿದ್ದ ಎರಡು ದಿಂಬುಗಳನ್ನು, ಯಥಾಸ್ಥಿತಿಯ ಭಾಗವಾದ್ದರಿಂದ ಹೊರತರುವಂತಿಲ್ಲ. ದಿಂಬುಗಳ ಪೈಕಿ ಒಂದು ಮಗುವಿನ ಉಪಯೋಗದಲ್ಲಿದೆ. ಇನ್ನೊಂದನ್ನು ಒಗೆದು ಒಣಹಾಕಲಾಗಿದೆ.

೩. ಉಪಸಮಿತಿಯು ಇನ್ನು ಮುಂದೆ ಮುಂಬಾಗಿಲ ಮೆಟ್ಟಿಲ ಮೇಲೆ, ಹಿರಿತನದ ಪ್ರಕಾರ ಮೇಲಿನಿಂದ ಕೆಳಕ್ಕೆ, ಸಭೆ ಸೇರತಕ್ಕದ್ದು. ಕಕ್ಷಿದಾರರು ಹತ್ತಿಳಿಯುವಾಗ ಸಭೆಯು ಎದ್ದು ದಾರಿ ಬಿಟ್ಟು ಪುನಃ ಕೂರತಕ್ಕದ್ದು.

೪. ಉಪಸಮಿತಿಗೆ ತನಗೇ ಒಂದು ಕೊಠಡಿ ಬೇಕೆನಿಸಿದಲ್ಲಿ ಅರ್ಜಿ ಸಲ್ಲಿಸಬಹುದು. ಅರ್ಜಿಯನ್ನು ಪರಿಶೀಲಿಸಲು ಮಹಿಳಾ ಸದಸ್ಯರ ಪ್ರತ್ಯೇಕ ಉಪಸಮಿತಿಯನ್ನು ರಚಿಸಲಾಗಿದೆ. ಅದು ಎಲ್ಲಿ ಕೂರುತ್ತದೆಂಬುದು ಸರ್ವರಿಗೂ ತಿಳಿದಿದೆ.

೫. ಗೊತ್ತುವಳಿಯನ್ನು ರದ್ದುಪಡಿಸಬೇಕೆಂದು ಸಂಚಾಲಕರು ಗುರುವಾರ ಅರ್ಜಿ ಹಾಕಿದರು. ಆಕ್ಷೇಪಣೆ ಸಲ್ಲಿಸಲು ಸೊಸೆಯವರು ವಾಯಿದೆ ಕೇಳಿದರು. ವಕೀಲರೊಬ್ಬರು ವಾಯಿದೆ ಕೇಳಿ, ಇನ್ನೊಬ್ಬ ವಕೀಲರು ಬೇಡವೆಂದ ದಾಖಲೆ ಈ ಸಂಘದ ಇತಿಹಾಸದಲ್ಲಿಲ್ಲ. ಮಗು ಹಾಲು ಬಿಡುವವರೆಗೆ ವಾಯಿದೆ ಕೊಡಲಾಗಿದೆ. ಅಷ್ಟರಲ್ಲಿ ಇನ್ನೊಬ್ಬ ಸದಸ್ಯೆಗೆ ಹೆರಿಗೆಯಾಗುವುದರಿಂದ ಮುಂದಿನ ದಿನಾಂಕವನ್ನು ಆಮೇಲೆ ತಿಳಿಸಲಾಗುವುದು.

೬. ಲೋಟಗಳನ್ನಾದರೂ ಬಿಡಿಸಿಕೊಡಿ ಎಂಬ ಒತ್ತಾಯಕ್ಕೆ ಮಣಿದು ಕಾರ್ಯದರ್ಶಿಯವರು ನಿನ್ನೆ, ಏಳೂ ಜನರನ್ನು ಬೆನ್ನಿಗಿಟ್ಟುಕೊಂಡು, ಬಾಗಿಲು ತಟ್ಟಿದರು. "ಮಾವ, ಸ್ವಲ್ಪ ಮೆತ್ತಗೆ. ಈಗಷ್ಟೇ ಕಣ್ಣು ಮುಚ್ಚಿದ್ದಾಳೆ" ಎಂದು ಒಳಗಿನಿಂದ ಉತ್ತರ ಬಂತು. ಉಪಸಮಿತಿಯು ಬೂಟು ಕಳಚಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಹಿಂದಿರುಗಿತು. ಎಲ್ಲರಿಗಿಂತ ಮೆಲ್ಲಗೆ ನಡೆದವರು ಸಂಚಾಲಕರು ಎಂಬುದನ್ನು ಮೆಚ್ಚುಗೆಯೊಂದಿಗೆ ದಾಖಲಿಸಲಾಗಿದೆ. ಇನ್ನು ಮುಂದೆ ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಹಿಂಬದಿಯ ಪಡಸಾಲೆಯಲ್ಲಿ ಎಲ್ಲರೂ ಹೀಗೆಯೇ ನಡೆಯತಕ್ಕದ್ದು.

೭. ಮಗುವಿನ ಕೆಮ್ಮು ವಾಸಿಯಾಗಿದೆ. ತಾಯಿ ಇಂದು ಕೊಠಡಿಯಿಂದ ನೇರ ನ್ಯಾಯಾಲಯಕ್ಕೆ ಹೋಗಿ, ವಾದಿಸಿ, ಗೆದ್ದು ಬಂದಿದ್ದಾರೆ. ಕಾರ್ಯದರ್ಶಿಯವರಿಗೆ ಬಹಳ ಸಂತೋಷವಾಗಿದೆ. ಸಂತೋಷಕ್ಕೆ ಬೇರೆ ನಮೂನೆ ಇಲ್ಲದ ಕಾರಣ ಇಲ್ಲೇ ನಮೂದಿಸಲಾಗಿದೆ.

ಸಹಿ/-
ಕಾರ್ಯದರ್ಶಿ
(ಮಗುವಿನ ಅಜ್ಜ, ಸ್ವಹಿತಾಸಕ್ತಿಯನ್ನು ಘೋಷಿಸಲಾಗಿದೆ)

ಪ್ರತಿಗಳು:
೧. ಉಪಸಮಿತಿಯ ಸಂಚಾಲಕರಿಗೆ, ಮೂರನೇ ಮೆಟ್ಟಿಲು. (ಮೇಲಿನೆರಡು ಮೆಟ್ಟಿಲಿಗೆ ಬಿಸಿಲು ಬರುವುದರಿಂದ.)
೨. ಸೂಚನಾ ಫಲಕಕ್ಕೆ, ಮೊಳೆ ಹೊಡೆಯದೆ, ಅಂಟು ಹಚ್ಚಿ.
೩. ಕಚೇರಿ ಕಡತಕ್ಕೆ.
೪. ಕೊಠಡಿಯೊಳಗಿನವರಿಗೆ, ಬಾಗಿಲ ಕೆಳಗಿನ ಸಂದಿಯಿಂದ, ಸದ್ದಾಗದಂತೆ.