ಗ್ಲೋಬ್ಯುಲಿನ್ ಬಿಲ್ಲೂ ಮಾವನ ನಾಯಿಯೂ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಶ್ರೀಮಂಗಲದ ಹತ್ತಿರ ಮೇಷ್ಟ್ರು. ಫಾರಂ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಈ ಸೀಮೆಯಲ್ಲೇ ಇಲ್ಲವೆಂದು ನಂಬಿದ್ದೆ!

ಪಕ್ಕದ ಮನೆಯ ಮಗುವಿಗೆ ದಡಾರ ಎದ್ದಿತು. ನಮ್ಮ ಮಗಳು ಲಲಿತೆಗೆ ಆಗಿನ್ನೂ ವರ್ಷ ತುಂಬಿರಲಿಲ್ಲ, ಮೇಲಾಗಿ ಬಹಳ ನಿಶ್ಶಕ್ತಿ. ದಡಾರ ಅಂಟದಿರಲೆಂದು ಡಾಕ್ಟರು ಅವಳಿಗೆ ಗಾಮಾ ಗ್ಲೋಬ್ಯುಲಿನ್ ಎಂಬ ದುಬಾರಿ ಇಂಜೆಕ್ಷನ್ ಕೊಟ್ಟರು. ದಡಾರ ಅವಳ ಹತ್ತಿರ ಸುಳಿಯಲಿಲ್ಲ.

ಇಂಜೆಕ್ಷನ್ನಿನ ಖರ್ಚನ್ನು ಸರ್ಕಾರ ಕೊಡುತ್ತದೆ ಎಂದು ತಿಳಿದು ಹೊಸ ಫಾರಂ ತರಿಸಿದೆ. ‘ರೋಗದ ಸಂಖ್ಯೆ’ ಎಂಬ ಕಾಲಂ ಇತ್ತು. ಜೊತೆಗೆ ಸಂಖ್ಯೆ ಸಮೇತ ರೋಗಗಳ ಪಟ್ಟಿಯ ಒಂದು ಹಾಳೆ. ಮಗುವಿಗೆ ರೋಗವೇ ಬಂದಿಲ್ಲವಲ್ಲ! ಪ್ರಾಮಾಣಿಕವಾಗಿ ‘ಇಲ್ಲ’ ಎಂದು ಬರೆದೆ.

ಫಾರಂ ವಾಪಸು ಬಂತು. ‘ರೋಗವಿಲ್ಲದವರಿಗೆ ಔಷಧಿ ಏಕೆ? ವಿವರಣೆ ಕೊಡುವುದು.’

ಸರಿ, ದಡಾರದ ಸಂಖ್ಯೆ ಬರೆದೆ. ವಾರದೊಳಗೆ ಹೆಲ್ತ್ ಇನ್ಸ್‌ಪೆಕ್ಟರು ಬಾಗಿಲಿಗೇ ಬಂದರು.

“ದಡಾರದ ರೋಗಿ ಎಲ್ಲಿ?”

ರೋಗಿ ಅಂಬೆಗಾಲಿಟ್ಟು ಬಂದು ಅವರ ಬೂಟಿನ ಲೇಸು ಬಾಯಿಗಿಟ್ಟುಕೊಂಡಳು.

“ಇವಳಿಗೆ ಎಂತದೂ ಇಲ್ಲ ಸಾರ್,” ಎಂದಳು ನನ್ನ ಹೆಂಡತಿ ಗಂಗಮ್ಮ.

“ಇಲ್ಲದ ರೋಗ ಯಾಕೆ ಬರೆದ್ರಿ ಮೇಷ್ಟ್ರೇ?”

ಹಾಗಾದರೆ ಬರೆಯುವುದೇನನ್ನು? ಅದು ಎಂಥ ಇಂಜೆಕ್ಷನ್ ಎಂದು ಡಾಕ್ಟರ ಕಂಪೌಂಡರನ್ನು ಕೇಳಿದೆ.

“ಅದು ಸೀರಂ ತರದ್ದು ಮಾರಾಯ್ರೆ, ರಕ್ತದಿಂದ ತೆಗೆಯೋದು,” ಎಂದರು.

ಪಟ್ಟಿ ಜಾಲಾಡಿದೆ. ‘ಸೀರಂ’ ಎಂಬ ಪದ ಒಂದೇ ಕಡೆ ಸಿಕ್ಕಿತು. ಯಾವುದರ ಕೆಳಗೆಂದು ನೋಡದೆ ಸಂಖ್ಯೆ ಬರೆದು ಕಳಿಸಿದೆ.

ಅದು ಹುಚ್ಚುನಾಯಿ ಕಡಿತದ ಸಂಖ್ಯೆ!

ಈ ಸಲ ಇನ್ಸ್‌ಪೆಕ್ಟರು ದೊಣ್ಣೆ ಹಿಡಿದ ಇಬ್ಬರೊಡನೆ ಬಂದರು. ಮಗುವಿಗೆ ಕಚ್ಚಿದ ನಾಯಿಯನ್ನು ಕೊಲ್ಲಬೇಕಂತೆ. ಮನೆಯಲ್ಲಿದ್ದ ಒಂದೇ ನಾಯಿ, ನಮ್ಮ ಜೊತೆಗೇ ಇದ್ದ ನನ್ನ ಮಾವನದು. ಹಂದಿ ಬೇಟೆಗೆ ಅದಕ್ಕೆ ಸಮಾನವಿಲ್ಲವೆಂದು ಅವರ ಹೆಮ್ಮೆ. ಮಾವ ಕೋವಿ ಹಿಡಿದು ಜಗಲಿಯಲ್ಲಿ ನಿಂತರು.

“ನನ್ನ ನಾಯಿ ಯಾರಿಗೆ ಕಚ್ಚಿತು? ಹೇಳಿದವ ಮುಂದೆ ಬರ್ಲಿ!”

ಹೇಳಿದವನು ಬಾಗಿಲ ಹಿಂದೆ ಅವಿತಿದ್ದ. ನಾಯಿ ಬಾಲ ಅಲ್ಲಾಡಿಸುತ್ತಾ ದೊಣ್ಣೆಯನ್ನು ಮೂಸುತ್ತಿತ್ತು. ಗಂಗಮ್ಮ ನನ್ನನ್ನು ರಟ್ಟೆ ಹಿಡಿದು ಹೊರಗೆಳೆದಳು. ಎಲ್ಲರೆದುರು ತಪ್ಪೊಪ್ಪಿಕೊಂಡೆ.

“ಮೇಷ್ಟ್ರೇ, ಮಗುವಿಗಲ್ಲ, ನಿಮಗೆ ಬೇಕಿತ್ತು ಇಂಜೆಕ್ಷನ್,” ಎಂದು ಇನ್ಸ್‌ಪೆಕ್ಟರು ತಲೆ ಚಚ್ಚಿಕೊಂಡರು.

ಗಂಗಮ್ಮ ಅವರಿಗೆ ಕಾಫಿ ಕೊಟ್ಟು, ಪಟ್ಟಿಯನ್ನು ಕೈಗೆತ್ತಿಕೊಂಡು ಮಗುಚಿದಳು.

“ಇದೆಂತ, ಹಿಂದೆಯೂ ಬರೆದುಂಟಲ್ಲ?”

ಹಿಂಬದಿಯ ಮೊದಲ ಸಾಲು: ‘ರೋಗ ಬಾರದಂತೆ ಕೊಟ್ಟ ಇಂಜೆಕ್ಷನ್.’ ಎದುರಿಗೆ ಸಂಖ್ಯೆ!

ಆ ಸಂಖ್ಯೆ ಬರೆದು ಕಳಿಸಿದೆ, ಹಣವೇನೋ ಬಂತು. ಮುಂದಿನ ತಿಂಗಳು ಶಾಲೆಯಲ್ಲಿ ಪರೀಕ್ಷೆ. ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, “ಮಕ್ಕಳೇ, ಪ್ರಶ್ನೆಪತ್ರಿಕೆಯ ಹಿಂಬದಿಯನ್ನೂ ತಪ್ಪದೆ ನೋಡಿ,” ಎಂದೆ.

ಇಡೀ ತರಗತಿ ಗೊಳ್ಳೆಂದು ನಕ್ಕಿತು. ಊರಿಗೆಲ್ಲ ಸುದ್ದಿ ಮುಟ್ಟಿತ್ತು!